ತಿರ್ಯಂಚ ಜೀವಿಗಳ ನುಡಿಗಲಿಕೆಯೂ ನಮ್ಮ ಅಹಿಂಸಾವ್ರತವೂ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಪಂಚಕಲ್ಯಾಣ ವಿಧಿಯಲ್ಲಿ ಕೇವಲಜ್ಞಾನ ಕಲ್ಯಾಣದ ದಿನ ನಾವು ಸಮವಸರಣವನ್ನು ರಚಿಸಿ ಪೂಜಿಸುತ್ತೇವೆ. ಅದರ ಹನ್ನೆರಡು ಕೋಷ್ಠಗಳಲ್ಲಿ ಒಂದು ತಿರ್ಯಂಚ ಜೀವಿಗಳಿಗೆ ಮೀಸಲಾದುದು. ಅಲ್ಲಿ ಸಿಂಹವೂ ಹಸುವೂ ಜನ್ಮವೈರವನ್ನು ಮರೆತು ಕುಳಿತಿರುತ್ತವೆ. ಭಗವಂತನ ದಿವ್ಯಧ್ವನಿಯು ಅವುಗಳಿಗೆ ಅವುಗಳ ನುಡಿಯಲ್ಲಿಯೇ ತಿಳಿಯುತ್ತದೆ ಎಂದು ಪುರಾಣಗಳು ವರ್ಣಿಸುತ್ತವೆ. ಪ್ರಾಣಿಗಳಿಗೂ ತಮ್ಮದೇ ಆದ ನುಡಿಯುಂಟೆಂಬ ಭಾವನೆ ಆದುದರಿಂದ ನಮಗೆ ಹೊಸತಲ್ಲ. ಆ ನುಡಿಯನ್ನು ಮರಿಗಳು ಹೇಗೆ ಕಲಿಯುತ್ತವೆ, ಆ ಕಲಿಕೆಗೆ ಮನುಷ್ಯರಿಂದ ಎಂತಹ ಅಡ್ಡಿ ಒದಗುತ್ತದೆ ಎಂಬ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮ ಮುಂದೆ ಅರಿಕೆ ಮಾಡಬಯಸುತ್ತೇನೆ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಸಂಜ್ಞಿ ಜೀವದ ಲಕ್ಷಣವನ್ನು ನಿರೂಪಿಸಿದ್ದಾರೆ. ಮನಸ್ಸಿನ ಅವಲಂಬನದಿಂದ ಶಿಕ್ಷಣ, ಕ್ರಿಯೆ, ಉಪದೇಶ, ಆಲಾಪಗಳನ್ನು ಗ್ರಹಿಸಬಲ್ಲ ಜೀವವೇ ಸಂಜ್ಞಿ. ಇದಕ್ಕೆ ವ್ಯಾಖ್ಯಾನಕಾರರು ಮನುಷ್ಯನೊಡನೆ ಎತ್ತು, ಆನೆ, ಗಿಳಿಗಳನ್ನೂ ನಿದರ್ಶನವಾಗಿ ಕೊಡುತ್ತಾರೆ. ಎಂದರೆ, ಕಲಿಯುವ ಶಕ್ತಿ ಮನುಷ್ಯನೊಬ್ಬನ ಸೊತ್ತಲ್ಲ. ಸಾವಿರ ವರ್ಷಗಳ ಹಿಂದಿನ ಈ ಮಾತನ್ನು ಇಂದಿನ ವಿಜ್ಞಾನವು ತನ್ನದೇ ಮಾರ್ಗದಿಂದ ಸಮರ್ಥಿಸುತ್ತಿದೆ.

ಎಲ್ಲ ಕೂಗುಗಳೂ ಕಲಿತು ಬಂದವುಗಳಲ್ಲ. ಕೋಳಿಮರಿಗೆ ಚಿಂವ್‌ಗುಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಾಡುಹಕ್ಕಿಗಳ ವಿಷಯ ಬೇರೆ. ಇಂಗ್ಲೆಂಡಿನ ವಿಜ್ಞಾನಿ ಥಾರ್ಪ್ ಅವರು 1950ರ ದಶಕದಲ್ಲಿ ಚಾಫಿಂಚ್ ಎಂಬ ಪುಟ್ಟ ಹಕ್ಕಿಯ ಮರಿಗಳನ್ನು ಹಿರಿಯ ಹಕ್ಕಿಗಳ ದನಿ ಕೇಳದಂತೆ ಬೆಳೆಸಿದರು. ಅವು ಬೆಳೆದು ಹಾಡಿದವು. ಆದರೆ ಆ ಹಾಡಿಗೆ ಅಂದವಾಗಲಿ ಪೂರ್ಣತೆಯಾಗಲಿ ಇರಲಿಲ್ಲ. ಆಫ್ರಿಕದ ಕೆನ್ಯಾದಲ್ಲಿ ವರ್ವೆಟ್ ಕೋತಿಗಳು ಚಿರತೆಗೆ ಒಂದು, ಹದ್ದಿಗೆ ಒಂದು, ಹಾವಿಗೆ ಒಂದು ಎಂದು ಬೇರೆ ಬೇರೆ ಕೂಗುಗಳಿಂದ ಎಚ್ಚರಿಸುತ್ತವೆ. ಮರಿಗಳು ಮೊದಮೊದಲು ನಿರಪಾಯಕಾರಿ ಹಕ್ಕಿಗಳನ್ನು ಕಂಡರೂ, ಉದುರುವ ಎಲೆಯನ್ನು ಕಂಡರೂ ಹದ್ದಿನ ಕೂಗನ್ನೇ ಹಾಕುವುದನ್ನು 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಹಿರಿಯ ಕೋತಿ ತಲೆಯೆತ್ತಿ ನೋಡುತ್ತದೆ. ನಿಜವಾಗಿ ಹದ್ದಿದ್ದರೆ ಮಾತ್ರ ತಾನೂ ಕೂಗುತ್ತದೆ. ದಿನಗಳು ಕಳೆದಂತೆ ಮರಿಯ ಕೂಗು ತಿದ್ದಿಕೊಳ್ಳುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಿಂದ ಕೊಳ್ಳೇಗಾಲವನ್ನು ಹಾದು ಹನೂರಿನ ಮಲೆ ಮಹದೇಶ್ವರ ಬೆಟ್ಟದವರೆಗೆ ಹಬ್ಬಿದ ಕಾಡುಗಳು ಆನೆಗಳ ತವರು. 1980ರ ದಶಕದ ಆರಂಭದಲ್ಲಿ ವಿಜ್ಞಾನಿ ರಾಮನ್ ಸುಕುಮಾರ್ ಅವರು ಆನೆಗಳನ್ನು ಕುರಿತು ತಮ್ಮ ಪ್ರಸಿದ್ಧ ಅಧ್ಯಯನವನ್ನು ನಡೆಸಿದ್ದು ಇದೇ ಬೆಟ್ಟಸಾಲಿನಲ್ಲಿ. ಆನೆಯ ಹಿಂಡು ತಾಯಂದಿರ, ಅಜ್ಜಿಯರ ಕುಟುಂಬ. ಹೆಣ್ಣುಮರಿ ಬಾಳೆಲ್ಲ ಅದರೊಳಗೇ ಇರುತ್ತದೆ. ಗಂಡುಮರಿ ಪ್ರಾಯಕ್ಕೆ ಬಂದಾಗ ಹೊರಡುತ್ತದೆ. ಮರಿಯಾನೆ ತನ್ನ ಸೊಂಡಿಲನ್ನು ಹಿರಿಯರ ಬಾಯಿಗಿಟ್ಟು ಯಾವುದು ತಿನ್ನತಕ್ಕದ್ದೆಂದು ಅರಿಯುತ್ತದೆ. ಘೀಳು, ಗರ್ಜನೆ, ಕೀಚಲು, ಗುಡುಗುಟ್ಟುವ ಮಂದ್ರಸ್ವರ ಇವೆಲ್ಲ ಏಷ್ಯಾದ ಆನೆಯ ನುಡಿಯೊಳಗಿವೆ. ಆ ಮಂದ್ರಸ್ವರದ ಒಂದು ಪಾಲು ಸೆಕೆಂಡಿಗೆ 20 ಕಂಪನಗಳಿಗಿಂತಲೂ ಕೆಳಗಿದ್ದು ನಮ್ಮ ಕಿವಿಗೆ ನಿಲುಕದೆಂಬುದನ್ನು ಅಮೆರಿಕದ ಕೇಟಿ ಪೇನ್ ಅವರು 1984ರಲ್ಲಿ ಮೃಗಾಲಯವೊಂದರ ಏಷ್ಯಾದ ಆನೆಗಳ ಬಳಿ ಕುಳಿತು ಗುರುತಿಸಿದರು. ನಾವು ನಿಶ್ಶಬ್ದವೆಂದುಕೊಂಡ ಕಾಡಿನಲ್ಲಿ ಮಾತುಕತೆ ನಡೆದೇ ಇರುತ್ತದೆ.

ಬಳಗದಿಂದ ಅಗಲಿದರೆ ಏನಾಗುತ್ತದೆ? ದಕ್ಷಿಣ ಕೊರಿಯಾದ ಮೃಗಾಲಯವೊಂದರಲ್ಲಿ ಕೋಶಿಕ್ ಎಂಬ ಗಂಡಾನೆ ಎಳೆಯ ಪ್ರಾಯದಲ್ಲಿ ಸುಮಾರು ಐದು ವರ್ಷ ತನ್ನ ಜಾತಿಯ ಇನ್ನೊಂದು ಜೀವವನ್ನು ಕಾಣದೆ ಬೆಳೆಯಿತು. ಅದು ಸೊಂಡಿಲನ್ನು ಬಾಯೊಳಗಿಟ್ಟು ಕೊರಿಯಾ ಭಾಷೆಯ ಐದು ಪದಗಳನ್ನು ನುಡಿಯುತ್ತದೆಂದು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಜನ ಕೇಳಿ ಸಂತೋಷಪಟ್ಟರು. ಆದರೆ ಮಾತನಾಡಲು ತನ್ನವರಾರೂ ಇಲ್ಲದೆ ಪಾಲಕರ ನುಡಿಯನ್ನೇ ಹಿಡಿದ ಆ ಜೀವದ ಒಂಟಿತನವನ್ನು ನೆನೆದರೆ ಮನಸ್ಸು ಮರುಗುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹಿರಿಯ ಆನೆಗಳನ್ನು ಕೊಂದು, ಉಳಿದ ಮರಿಗಳನ್ನು ಪಿಲಾನೆಸ್‌ಬರ್ಗ್ ಎಂಬ ಕಾಡಿಗೆ ಸಾಗಿಸಿದ್ದರು. ದಶಕಗಳ ನಂತರವೂ ಆ ಆನೆಗಳು ಅಪರಿಚಿತ ಆನೆಯ ಕೂಗಿನಲ್ಲಿ ಹಿರಿದಾವುದು, ಕಿರಿದಾವುದು ಎಂದು ವಿವೇಚಿಸಲಾರದೆ ಹೋದವು. ಇದನ್ನು 2013ರ ಅಧ್ಯಯನವೊಂದು ಪ್ರಕಟಿಸಿತು. ಮರಿಗಳ ದೇಹ ಉಳಿಯಿತು. ಕಲಿಸುವ ಪರಂಪರೆ ಅಳಿಯಿತು.

ಗುರುಪರಂಪರೆಯ ಬೆಲೆಯನ್ನು ಬಲ್ಲ ನಮಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ನಮ್ಮ ನೆರೆಯ ಮಲೆಯೂರಿನ ಕನಕಗಿರಿಯೊಡನೆ ಸಂಪ್ರದಾಯವು ಸ್ಮರಿಸುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಪ್ರಾಣಿಯು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದನ್ನೇ ಬಂಧವೆಂದು ಅರ್ಥೈಸಿದ್ದಾರೆ. ಹಗ್ಗದಿಂದ ಕಟ್ಟಿದರೆ ಮಾತ್ರ ಬಂಧವಲ್ಲ. ದಾರಿ ಮುಚ್ಚಿದರೂ ಬಂಧವೇ. ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಮಹದೇಶ್ವರ ಬೆಟ್ಟದ ಕಾಡನ್ನೂ ಜೋಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿ ಬಹು ಇಕ್ಕಟ್ಟಾದುದು. ಅಲ್ಲಿ ವನ್ಯಜೀವಿ ಸಂಸ್ಥೆಯೊಂದು 25 ಎಕರೆಗೂ ಮಿಕ್ಕ ಜಮೀನನ್ನು ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಅದನ್ನು ನಾನು ಅಭಯದಾನವೆಂದೇ ಕರೆಯುತ್ತೇನೆ.

ಆನೆಯಿಂದ ಬೆಳೆ ಕಳೆದುಕೊಂಡ ರೈತನ ಕಷ್ಟ ಸಣ್ಣದಲ್ಲ. ಆತನಿಗೆ ನ್ಯಾಯವಾದ ಪರಿಹಾರ ದೊರೆಯುವಂತೆ ನೆರವಾಗುವುದೂ ದಯೆಯೇ. ಅದರೊಡನೆ ನಮ್ಮಿಂದ ಆಗುವುದು ಇಷ್ಟು: ಕಾಡಂಚಿನ ಜಮೀನುಳ್ಳವರು ಬೇಲಿಗೆ ಪ್ರಾಣಾಂತಕ ವಿದ್ಯುತ್ತನ್ನು ಹರಿಸದಿರಲಿ. ಯಾತ್ರೆಗೆ ಹೊರಟವರು ಕಾಡಿನ ರಸ್ತೆಯಲ್ಲಿ ಹಿಂಡು ದಾಟುವಾಗ ವಾಹನವನ್ನು ದೂರದಲ್ಲಿಯೇ ನಿಲ್ಲಿಸಿ, ಹಾರನ್ ಮಾಡದೆ, ಕೊನೆಯ ಮರಿ ತಾಯಿಯನ್ನು ಸೇರುವವರೆಗೆ ಕಾದಿರಲಿ. ನಮಗೆ ಕೇಳದ ದನಿಯೊಂದು ಆಗ ಆ ಮರಿಯನ್ನು ಕರೆಯುತ್ತಿರಬಹುದು.

ಸಮವಸರಣದಲ್ಲಿ ಭಗವಂತನು ಅವುಗಳಿಗೂ ಒಂದು ಕೋಷ್ಠವನ್ನಿತ್ತನು. ಈ ನೆಲದಲ್ಲಿ ನಾವು ಒಂದು ದಾರಿಯನ್ನಾದರೂ ಬಿಡೋಣ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.