ದೇವಾಲಯದ ಗಿಟಾರು ಮತ್ತು ತಂತಿಯ ಕರಕರ
(ಶತಮಾನೋತ್ಸವದ ಅಂಗವಾಗಿ ಜರುಗಿದ ಗಾನವೃಂದದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ಗಾನವೃಂದದ ಪರವಾಗಿ ನಾಲ್ಕು ಮಾತುಗಳನ್ನಾಡಲು ನಮಗೆ ಅಪ್ಪಣೆಯಾಗಿದೆ. ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಹೇಳಬಲ್ಲ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ಆ ಭಾರವನ್ನು ಅವರಿಗೇ ಬಿಟ್ಟು, ನಾವು ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ನಮ್ಮ ಇಲೆಕ್ಟ್ರಿಕ್ ಗಿಟಾರಿನ ಕರಕರ ಸದ್ದು.

ವಿಷಯ ಚಿಕ್ಕದಾದರೂ ಅದರಿಂದ ಎದ್ದ ಮಾತು ಚಿಕ್ಕದಲ್ಲವೆಂಬುದು ತಮಗೆಲ್ಲ ತಿಳಿದಿದೆ. ಕಳೆದ ಪಾಸ್ಕ ಜಾಗರಣೆಯಲ್ಲಿ ಮಹಿಮಾಗೀತೆಗೆ ಗಂಟೆಗಳು ಮೊಳಗುತ್ತಿದ್ದಾಗ, ತಪಸ್ಸು ಕಾಲವೆಲ್ಲ ಪೆಟ್ಟಿಗೆಯಲ್ಲಿದ್ದ ಗಿಟಾರು ಹೊರಬಂದು ಕರಕರನೆ ಕೂಗಿತು. ಕೆಲವು ಹಿರಿಯರು, ಈ ವಾದ್ಯದ ಗುಣವೇ ಇಷ್ಟು, ಹಾರ್ಮೋನಿಯಂ ಮತ್ತು ತಬಲಾ ಸಾಕು ಎಂದರು. ಇನ್ನು ಕೆಲವರು ಬಾರಿಸುವ ಹುಡುಗನ ಕೈಯನ್ನು ದೂರಿದರು. ಆ ಹುಡುಗ ಎರಡು ಭಾನುವಾರ ಅಭ್ಯಾಸಕ್ಕೆ ಬರಲಿಲ್ಲ. ಶಹರದ ಅಂಗಡಿಯವರೊಬ್ಬರು, ಎಲ್ಲ ಫ್ರೆಟ್‌ಗಳನ್ನೂ ಅರದಿಂದ ಉಜ್ಜಿ ಸಮ ಮಾಡಬೇಕೆಂದು ಹೇಳಿ, ಹೊಸ ವಾದ್ಯದ ಅರ್ಧ ಬೆಲೆಯನ್ನು ಕೇಳಿದರು. ಈ ಮೂವರ ಮಾತಿನಲ್ಲಿಯೂ ವಾದ್ಯವನ್ನು ಅಳೆದು ನೋಡಿದ ಗುರುತು ಇರಲಿಲ್ಲ.

ಹಿರಿಯರ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಪೂಜಾವಿಧಿಯ ಸಂವಿಧಾನವು ಕೊಳವೆಯ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಕೊಟ್ಟು, ಇತರ ವಾದ್ಯಗಳನ್ನು ಅಧಿಕಾರವುಳ್ಳವರ ಒಪ್ಪಿಗೆಯಿಂದ ಬಳಸಬಹುದೆಂದಿತು. ಆದರೆ ಅವು ಪವಿತ್ರ ಕಾರ್ಯಕ್ಕೆ ಯೋಗ್ಯವಾಗಿರಬೇಕು, ದೇವಾಲಯದ ಗೌರವಕ್ಕೆ ಒಪ್ಪಬೇಕು, ಭಕ್ತರ ಮನಸ್ಸನ್ನು ಮೇಲಕ್ಕೆತ್ತಬೇಕು. ಕರಕರ ಎನ್ನುವ ಗಿಟಾರು ಈ ಮಾತಿಗೆ ನಿಲ್ಲಲಾರದು. ಹಾಗೆಂದು ರೋಗಿಯನ್ನು ಊರ ಹೊರಗೆ ಇಡುವ ಮೊದಲು ನಾಡಿ ಹಿಡಿದು ನೋಡಬೇಕಲ್ಲವೇ?

ತಂತಿಯ ಕರಕರ ಎಲ್ಲ ಕಾಲಕ್ಕೂ ದೋಷವೂ ಅಲ್ಲ. ಸವಾಯಿ ಗಂಧರ್ವರ ಕುಂದಗೋಳದ ಜನರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಂಬೂರಿಯ ಅಗಲವಾದ ಕುದುರೆಯ ಮೇಲೆ ತಂತಿ ಮೆಲ್ಲಗೆ ಸವರಿಕೊಂಡು ನಡುಗುವಂತೆ, ಅದರ ಕೆಳಗೆ ಒಂದು ನೂಲಿನೆಳೆಯನ್ನು ಸರಿಸಿ ಸರಿಸಿ ಇಡುತ್ತಾರೆ. ಆಗ ಹುಟ್ಟುವ ಝೇಂಕಾರಕ್ಕೆ ಜವಾರಿ ಎಂದು ಹೆಸರು. (ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ಕೋಳಿಯೂ ಬೀಜವೂ ನೆನಪಾಗುತ್ತವೆ, ಇದು ಬೇರೆ ಮಾತು.) ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ನಮ್ಮ ತಂತಿವಾದ್ಯಗಳ ಈ ಕುದುರೆಯ ವಿಶೇಷವನ್ನು ಕುರಿತು ಬರೆದರು. ತಂಬೂರಿಯಲ್ಲಿ ತಂತಿ ತಾಕುವುದು ಬೇಕೆಂದು ಮಾಡಿದ್ದು, ತಕ್ಕ ಜಾಗದಲ್ಲಿ, ತಕ್ಕಷ್ಟು. ಗಿಟಾರಿನಲ್ಲಿ ತಂತಿಯು ದಾರಿಯಲ್ಲಿರುವ ಯಾವುದೋ ಫ್ರೆಟ್‌ಗೆ ಬಡಿದು ಸ್ವರವನ್ನು ಕೊಲ್ಲುತ್ತದೆ.

ಫ್ರೆಟ್ ಎಂದರೆ ವೀಣೆಯ ಮೆಟ್ಟಿಲುಗಳಂತೆ ಕತ್ತಿನ ಮೇಲೆ ಕೂಡಿಸಿದ ಲೋಹದ ಕಡ್ಡಿಗಳು. ಆರು ತಂತಿಗಳೂ ಸೇರಿ ಆ ಕತ್ತನ್ನು ಸುಮಾರು 40ರಿಂದ 45 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅಂದರೆ ಅರ್ಧ ಕ್ವಿಂಟಲ್ ಚೀಲಕ್ಕಿಂತ ಸ್ವಲ್ಪ ಕಡಿಮೆ. ಈ ಎಳೆತಕ್ಕೆ ಎದುರಾಗಿ ಕತ್ತಿನೊಳಗೆ ಒಂದು ಉಕ್ಕಿನ ಸರಳಿದೆ. ಬಿಗಿಮಾಡಬಲ್ಲ ಇಂಥ ಸರಳಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮ್ಯಾಕ್‌ಹ್ಯೂ ಅವರಿಗೆ 1923ರಲ್ಲಿ ಪೇಟೆಂಟು ದೊರೆಯಿತು. ಅದರ ತಿರುಪನ್ನು ಬಲಕ್ಕೆ ತಿರುಗಿಸಿದರೆ ಕತ್ತು ನೆಟ್ಟಗಾಗುತ್ತದೆ, ಎಡಕ್ಕೆ ಸಡಿಲಿಸಿದರೆ ಮುಂದಕ್ಕೆ ಬಾಗುತ್ತದೆ. ಕತ್ತು ಪೂರ್ತಿ ನೆಟ್ಟಗಿರಬಾರದೆಂಬುದು ಹಲವರಿಗೆ ಆಶ್ಚರ್ಯದ ಮಾತು. ನಡುಗುವ ತಂತಿಗೆ ನಡುವಿನಲ್ಲಿ ಹೆಚ್ಚು ಜಾಗ ಬೇಕು. ಆದ್ದರಿಂದ ಕತ್ತಿನಲ್ಲಿ ಕೂದಲೆಳೆಯಷ್ಟಾದರೂ ತಗ್ಗು ಇರಬೇಕು.

ಈ ತಗ್ಗು ನಮ್ಮ ಹವೆಯಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನವಲಗುಂದದ ಎರೆಹೊಲ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಮತ್ತೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಕಟ್ಟಿಗೆಯೂ ತನ್ನ ಮಟ್ಟಿಗೆ ಹಾಗೆಯೇ. ಕಡಿದು ಎಷ್ಟು ಕಾಲವಾದರೂ ಅದು ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರನ್ನು ಕೇಳಿರಿ. ಒಣಹವೆಯಲ್ಲಿ ಕತ್ತಿನ ಹಲಗೆ ಅಗಲದಲ್ಲಿ ಕುಗ್ಗಿದಾಗ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಬಂದು ಅಂಗೈಗೆ ಚುಚ್ಚುತ್ತವೆ. ಕತ್ತು ಯಾವ ಕಡೆಗೆ ಬಾಗುವುದೆಂಬುದು ಆಯಾ ಕಟ್ಟಿಗೆಯ ಗುಣ. ಆದ್ದರಿಂದ ಊಹಿಸದೆ ಅಳೆಯಬೇಕು.

ಅಳೆಯುವ ಮೊದಲು ಕಿವಿಗೊಡಬೇಕು. ಆಂಪ್ಲಿಫೈಯರಿನ ತಂತಿಯನ್ನು ಕಿತ್ತು ಗಿಟಾರನ್ನು ಬರಿದೇ ಮೀಟಿರಿ. ಆಗಲೂ ಕರಕರ ಕೇಳಿದರೆ ದೋಷ ಕಟ್ಟಿಗೆ ಲೋಹಗಳಲ್ಲಿದೆ. ಆಂಪ್ಲಿಫೈಯರಿಗೆ ಜೋಡಿಸಿ, ತಂತಿಗಳ ಮೇಲೆ ಕೈಯಿಟ್ಟು ಸುಮ್ಮನಿದ್ದರೂ ಗುಂಯ್‌ಗುಡುವುದಾದರೆ ಅದು ವಿದ್ಯುತ್ತಿನ ಸದ್ದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಗಿಟಾರು ಹಿಡಿದವನ ತುಟಿಗೆ ಮೈಕು ತಾಕಿದಾಗ ಚುರುಕ್ ಎಂದರೆ, ಆ ಗಳಿಗೆಯಲ್ಲಿಯೇ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು, ಬಲ್ಲ ವಿದ್ಯುತ್ ಕೆಲಸಗಾರರನ್ನು ಕರೆಸಬೇಕು. ಮೂರು ಕಾಲಿನ ಪ್ಲಗ್ಗಿನ ಮೇಲಿನ ದಪ್ಪ ಕಾಲನ್ನು ಮುರಿದು ಎರಡು ತೂತಿಗೆ ತುರುಕುವ ಅಭ್ಯಾಸ ಹಳ್ಳಿಗಳಲ್ಲಿದೆ. ಜಾತ್ರೆಯ ಪೆಂಡಾಲಿನಲ್ಲಾಗಲಿ, ದೇವಾಲಯದಲ್ಲಾಗಲಿ ಅದು ಜೀವಕ್ಕೆ ಅಪಾಯ. ನಮ್ಮಲ್ಲಿ ಅಂಥ ಒಂದು ಪ್ಲಗ್ಗು ಸಿಕ್ಕಿತು. ಅದನ್ನು ಬದಲಿಸಿ, ಭೂಸಂಪರ್ಕವನ್ನು ಪರೀಕ್ಷಿಸಿದ್ದಾಗಿದೆ.

ಇನ್ನು ಕಟ್ಟಿಗೆಯ ಕಡೆಗೆ. ಕರಕರ ಎಲ್ಲಿ ಬರುತ್ತದೆಂಬುದೇ ಕಾರಣವನ್ನು ಮುಕ್ಕಾಲು ಪಾಲು ಹೇಳುತ್ತದೆ. ತೆರೆದ ತಂತಿ ಮಾತ್ರ ಕೂಗಿ, ಬೆರಳೊತ್ತಿದಾಗ ನಿಂತರೆ, ತಲೆಯ ಬಳಿಯ ನಟ್ ಎಂಬ ಪಟ್ಟಿಯ ಗೀರು ಆಳವಾಗಿ ಸವೆದಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಕೂಗಿದರೆ ಕತ್ತಿನ ತಗ್ಗು ಸಾಲದು. ಹನ್ನೆರಡರಿಂದ ಆಚೆಗೆ ಕೂಗಿದರೆ ಹೆಚ್ಚಾಗಿ ಕುದುರೆ ತಗ್ಗಾಗಿದೆ. ಒಂದೇ ಜಾಗದಲ್ಲಿ ಕೂಗಿದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಎಲ್ಲೆಲ್ಲಿಯೂ ಒಂದೇ ಸಮನೆ ಜಿರಿಗುಟ್ಟಿದರೆ ಬಿರಡೆಯ ತಿರುಪೋ ಕುದುರೆಯ ಸ್ಪ್ರಿಂಗೋ ಸಡಿಲವಾಗಿರುತ್ತದೆ, ಬಿಗಿಮಾಡಿದರೆ ಮುಗಿಯಿತು.

ನಾವು ಮೋಟರ್‌ಸೈಕಲ್ ಗ್ಯಾರೇಜಿನಿಂದ ಟ್ಯಾಪೆಟ್ ಅಳೆಯುವ ಫೀಲರ್ ಗೇಜನ್ನು ಎರವಲು ತಂದೆವು. ಹೊಸ ತಂತಿ ಹಾಕಿ, ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿಯೂ, ಕತ್ತು ಒಡಲಿಗೆ ಕೂಡುವ ಹದಿನೇಳರ ಸುಮಾರಿನಲ್ಲಿಯೂ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಮೇಲಿನ ಸಂದನ್ನು ನೋಡಿದೆವು. ಅಲ್ಲಿ 0.25 ಮಿಲಿಮೀಟರಿನಷ್ಟು ಸಂದು ಇರುವುದು ವಾಡಿಕೆ. ನಮ್ಮದರಲ್ಲಿ ಎಲ್ಲಕ್ಕಿಂತ ತೆಳುವಾದ ಎಲೆಯೂ ತೂರಲಿಲ್ಲ. ಕತ್ತು ಹಿಂದಕ್ಕೆ ಬಾಗಿತ್ತು. ಸರಳಿನ ತಿರುಪನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟೆವು. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬಾರದು. ತಿರುಪು ಮೊಂಡಾಗಿ ನಿಂತರೆ ಬಲ ಹಾಕಬಾರದು. ಮರುದಿನ ಗೇಜಿನ ಎಲೆ ಸರಾಗವಾಗಿ ತೂರಿತು, ಮುಕ್ಕಾಲು ಪಾಲು ಕರಕರ ಹೋಗಿತ್ತು.

ಆಮೇಲೆ ಕುದುರೆಯ ಎತ್ತರ. ಹನ್ನೆರಡನೆಯ ಫ್ರೆಟ್ಟಿನ ನೆತ್ತಿಯಿಂದ ತಂತಿಯ ಅಡಿಗೆ ದಪ್ಪ ತಂತಿಯಲ್ಲಿ 2 ಮಿಲಿಮೀಟರ್, ಸಣ್ಣದರಲ್ಲಿ ಒಂದೂವರೆ ಇಟ್ಟೆವು. ಹಾಡಿಗೆ ಜೋರಾಗಿ ಬಾರಿಸುವ ಕೈಗೆ ಇಷ್ಟು ಬೇಕು. ತಗ್ಗಿಸಿದರೆ ಬೆರಳಿಗೆ ಸುಖ, ಕಿವಿಗೆ ಕಷ್ಟ. ಇಷ್ಟಾದರೂ ಒಂದು ಜಾಗ ಕೂಗುತ್ತಲೇ ಇತ್ತು. ಮೂರು ಫ್ರೆಟ್‌ಗಳ ಮೇಲೆ ನೇರವಾದ ಉಕ್ಕಿನ ಪಟ್ಟಿಯ ತುಂಡನ್ನಿಟ್ಟು ಅಲುಗಿಸಿದಾಗ, ಹತ್ತನೆಯದರ ಮೇಲೆ ಅದು ತೂಗಾಡಿತು. ಒಣಗಿದ ಕಟ್ಟಿಗೆಯಿಂದ ಆ ಫ್ರೆಟ್ ಒಂದು ತುದಿಯಲ್ಲಿ ಮೇಲೆದ್ದಿತ್ತು. ಮೇಲೆ ಮರದ ತುಣುಕಿಟ್ಟು ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂಡಿಸಿದೆವು. ಅಂಗಡಿಯವರ ಮಾತು ಕೇಳಿದ್ದರೆ, ಈ ಒಂದಕ್ಕಾಗಿ ಉಳಿದೆಲ್ಲವೂ ಸವೆಯುತ್ತಿದ್ದವು. ತಿರುಪನ್ನು ಹಿಂದಕ್ಕೆ ತಿರುಗಿಸಬಹುದು. ಉಜ್ಜಿ ತೆಗೆದ ಲೋಹ ಮರಳಿ ಬಾರದು.

ಕೊನೆಯದು ಸ್ವರದ ನಿಜ. ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬರಿದೇ ಸವರಿ ಮೀಟಿದ ಸ್ವರವೂ, ಅಲ್ಲಿಯೇ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಒತ್ತಿದ್ದು ಏರಿದರೆ ಆ ತಂತಿಯ ಕುದುರೆಯನ್ನು ಹಿಂದಕ್ಕೆ, ಇಳಿದರೆ ಮುಂದಕ್ಕೆ ಸರಿಸಬೇಕು. ಹಾರ್ಮೋನಿಯಂನ ಸ್ವರ ಕದಲುವುದಿಲ್ಲ. ಪಕ್ಕದ ಗಿಟಾರು ಏರಿದರೆ ನಡುವೆ ಸಿಕ್ಕ ಹಾಡುಗಾರರು ಯಾರನ್ನು ಹಿಂಬಾಲಿಸಬೇಕು? ಆಲಾಪದಲ್ಲಿ ನಮ್ಮ ತಾಯಂದಿರು ಶ್ರುತಿ ಬಿಡುತ್ತಾರೆಂಬ ದೂರಿಗೂ ಇದೇ ಕಾರಣವಾಗಿತ್ತೆಂದು ನಮ್ಮ ಗುಮಾನಿ.

ಆ ಹುಡುಗನೂ ಈ ಕೆಲಸದಲ್ಲಿ ನಮ್ಮೊಂದಿಗೆ ಕುಳಿತಿದ್ದ. ಈಗ ಅಳತೆಗಳನ್ನು ದಿನಾಂಕದೊಡನೆ ನೋಟುಪುಸ್ತಕದಲ್ಲಿ ಬರೆದಿಡುವವನು ಅವನೇ. ಮಳೆ ಹಿಡಿದ ಹದಿನೈದು ದಿನಕ್ಕೆ ಒಮ್ಮೆ, ಕ್ರಿಸ್ಮಸ್ ಅಭ್ಯಾಸಕ್ಕೆ ಮುಂಚೆ ಒಮ್ಮೆ, ಪವಿತ್ರ ವಾರದ ಆರಂಭದಲ್ಲಿ ಒಮ್ಮೆ ಅಳೆಯುವುದೆಂದು ನಿಶ್ಚಯಿಸಿದ್ದೇವೆ. ಪುಸ್ತಕ ಹಾರ್ಮೋನಿಯಂ ಪೆಟ್ಟಿಗೆಯ ಮೇಲಿದೆ, ಯಾರೂ ನೋಡಬಹುದು. ಗ್ಯಾರೇಜಿನ ಗೇಜನ್ನು ಇನ್ನೂ ಮರಳಿಸಿಲ್ಲ. ಅದರ ಒಡೆಯರು ಎರಡು ಸಲ ಕೇಳಿದ್ದಾರೆ. ಧರ್ಮಕೇಂದ್ರದ ಹೆಸರಿನಲ್ಲಿ ಒಂದನ್ನು ಕೊಳ್ಳಲು ಪಾಲನಾ ಸಮಿತಿಯವರು ಒಪ್ಪಿಗೆ ಕೊಡಬೇಕೆಂದು ವಿನಂತಿಸಿ, ನಮ್ಮ ಮಾತನ್ನು ಇಲ್ಲಿಗೆ ನಿಲ್ಲಿಸುತ್ತೇವೆ.