ವಾಪಿಂಗ್‌ನ ಮುಳ್ಳುತಂತಿ

ಮುಷ್ಕರ ಹೂಡಿದವರಲ್ಲಿ ಕೆಲವರನ್ನು ಮಾತ್ರ ಆರಿಸಿ ವಜಾ ಮಾಡಿದರೆ ಮಾಲೀಕ ನ್ಯಾಯಮಂಡಲಿಗೆ ಉತ್ತರ ಹೇಳಬೇಕು. ಎಲ್ಲರನ್ನೂ ಒಟ್ಟಿಗೆ ತೆಗೆದರೆ ಹೇಳಬೇಕಾಗಿಲ್ಲ. ವಿಚಿತ್ರವೆನಿಸುವ ಈ ಮಾತು 1986ರ ಬ್ರಿಟನ್ನಿನಲ್ಲಿ ಕಾನೂನೇ ಆಗಿತ್ತು.

'ಟೈಮ್ಸ್', 'ಸಂಡೇ ಟೈಮ್ಸ್', 'ಸನ್', 'ನ್ಯೂಸ್ ಆಫ್ ದಿ ವರ್ಲ್ಡ್' ನಾಲ್ಕೂ ಆಗ ರೂಪರ್ಟ್ ಮರ್ಡೋಕ್ ಅವರ ಒಡೆತನದ ಪತ್ರಿಕೆಗಳು. ಹೊಸ ಸಂಜೆ ಪತ್ರಿಕೆಗೆಂದು ಹೇಳಿಕೊಂಡು ಕಂಪೆನಿ ಲಂಡನ್ನಿನ ವಾಪಿಂಗ್‌ನಲ್ಲಿ ಮುದ್ರಣಾಲಯ ಸಜ್ಜುಗೊಳಿಸಿತು. ಸುತ್ತ ಮುಳ್ಳುತಂತಿ, ಒಳಗೆ ಕಂಪ್ಯೂಟರು. ಪತ್ರಕರ್ತನೇ ಕೀಲಿಮಣೆ ಒತ್ತಿದರೆ ಸುದ್ದಿ ಅಚ್ಚಿಗೆ ಸಿದ್ಧ. ಮೊಳೆ ಜೋಡಿಸುವವನ ಹಂಗಿಲ್ಲ. ಯಂತ್ರ ನಡೆಸಲು ಆಳುಗಳನ್ನು ಒದಗಿಸಿದ್ದು ಇನ್ನೊಂದು ಕಾರ್ಮಿಕ ಸಂಘವೇ, ವಿದ್ಯುತ್ ಕೆಲಸಗಾರರದು! ಮುಷ್ಕರದಲ್ಲಿದ್ದಾಗ ವಜಾ ಮಾಡುವುದೇ ಅಗ್ಗದ ದಾರಿ ಎಂದು ಕಂಪೆನಿಯ ವಕೀಲರು ಮೊದಲೇ ಬರೆದಿದ್ದ ಪತ್ರ ಆಮೇಲೆ ಬಯಲಾಯಿತು.

ಜನವರಿ 24ರಂದು ಮುಷ್ಕರ ಶುರುವಾಯಿತು. ಸುಮಾರು 5,500 ಮಂದಿ ಕೆಲಸ ಕಳೆದುಕೊಂಡರು. ಇವರೆಲ್ಲ ಮುದ್ರಕರೇ ಎಂದು ಭಾವಿಸಬಾರದು. ಗುಮಾಸ್ತರಿದ್ದರು, ಕಸ ಗುಡಿಸುವವರಿದ್ದರು. ಹಳೆಯ ಮುದ್ರಣಾಲಯಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದಾರೆಂಬ ದೂರಿನಲ್ಲಿ ಹುರುಳಿತ್ತು, ನಿಜ. ಆದರೆ ಕಸಬರಿಗೆ ಹಿಡಿದವರು ಅದಕ್ಕೆ ಹೊಣೆಯೇ?

ಸೋಗಾಟ್ ಸಂಘದ ಪ್ರಧಾನ ಕಾರ್ಯದರ್ಶಿ ಬ್ರೆಂಡಾ ಡೀನ್. ಅಚ್ಚಾಗುವುದನ್ನು ತಡೆಯಲಾಗದಿದ್ದರೆ ಹಂಚಿಕೆಯನ್ನಾದರೂ ತಡೆಯೋಣವೆಂದು ಸಂಘ ಯೋಚಿಸಿತು. ಸಗಟು ಹಂಚಿಕೆಯಲ್ಲಿದ್ದ ತನ್ನ ಸದಸ್ಯರಿಗೆ ಈ ಪತ್ರಿಕೆಗಳ ಕಟ್ಟು ಮುಟ್ಟಬೇಡಿ ಎಂದಿತು. ಪೆಟ್ಟು ಬಿದ್ದದ್ದು ಇಲ್ಲೇ. ಮುಷ್ಕರಕ್ಕೆ ನೇರ ಸಂಬಂಧವಿಲ್ಲದ ಕಂಪೆನಿಯ ಕೆಲಸಗಾರರು ಹೀಗೆ ಬೆಂಬಲಕ್ಕೆ ನಿಲ್ಲುವುದು ಕಾನೂನುಬಾಹಿರ. ನ್ಯಾಯಾಲಯ 25,000 ಪೌಂಡ್ ದಂಡ ಹಾಕಿ, ಸಂಘದ ಸುಮಾರು 1.7 ಕೋಟಿ ಪೌಂಡ್ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡಿತು.

ಬೇರೆ ಊರುಗಳ ಬೇರೆ ಮುದ್ರಣಾಲಯಗಳ ಸದಸ್ಯರ ದುಡ್ಡೂ ಅದರಲ್ಲಿತ್ತು. ಮೇ ತಿಂಗಳಲ್ಲಿ ಡೀನ್ ನ್ಯಾಯಾಲಯದ ಆದೇಶಕ್ಕೆ ತಲೆಬಾಗಿ ಆಸ್ತಿ ಬಿಡಿಸಿಕೊಂಡರು. ವಾಪಿಂಗ್‌ನ ಬಾಗಿಲಲ್ಲಿ ಚಳಿಯಲ್ಲಿ ನಿಂತವರಲ್ಲಿ ಹಲವರಿಗೆ ಇದು ಶರಣಾಗತಿಯಾಗಿ ಕಂಡಿತು. ಹಾಗೆ ಕಂಡದ್ದು ಸಹಜ. ಆದರೂ ಖಜಾನೆಯೇ ಇಲ್ಲದ ಸಂಘ ಅವರನ್ನು ಎಷ್ಟು ದಿನ ಪೊರೆಯಬಲ್ಲದಿತ್ತು?

ಕೈಯಲ್ಲಿ ಉಳಿದದ್ದು ಪಿಕೆಟಿಂಗ್, ಪತ್ರಿಕೆ ಕೊಳ್ಳಬೇಡಿರೆಂಬ ಕರೆ. ಶನಿವಾರ ರಾತ್ರಿಗಳಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಎದುರಿಗೆ ಕುದುರೆ ಪೊಲೀಸರು. ಲಾರಿಗಳು ಹೊರಡುತ್ತಲೇ ಇದ್ದವು. ಜೂನ್‌ನಲ್ಲಿ ಕಂಪೆನಿ ಮುಂದಿಟ್ಟ 5 ಕೋಟಿ ಪೌಂಡ್ ಪರಿಹಾರವನ್ನು ಕಾರ್ಮಿಕರು ಮತ ಹಾಕಿ ತಿರಸ್ಕರಿಸಿದರು. ಮತ್ತೆ ಆಸ್ತಿ ಕಳೆದುಕೊಳ್ಳುವ ಭೀತಿ ಎದುರಾದಾಗ, 1987ರ ಫೆಬ್ರುವರಿಯಲ್ಲಿ ಸೋಗಾಟ್ ಮುಷ್ಕರ ಕೈಬಿಟ್ಟಿತು. ಜೊತೆಗೆ ಹೋರಾಡಿದ್ದ ಮುದ್ರಕರ ಇನ್ನೊಂದು ಸಂಘವಾದ ಎನ್‌ಜಿಎ ಕೂಡ ಹಿಂದೆ ಸರಿಯಿತು. ಎರಡೂ ಸಂಘಗಳು ಒಂದಾದದ್ದು 1991ರಲ್ಲಿ.