ಮಗುವಿನ ಕುರ್ಚಿಯಲ್ಲಿ ಕೂತು ನೋಡಿದರೆ



ಆಟಿಸಂ ಮೌಲ್ಯಮಾಪನದ ಬಗ್ಗೆ ನಾವು ಸೇರಿದಾಗಲೆಲ್ಲ ಮಾತು ಮಾಪಕಗಳ ಸುತ್ತಲೇ ತಿರುಗುತ್ತದೆ. ಯಾವುದು ಒಳ್ಳೆಯದು, ಯಾರಿಗೆ ತರಬೇತಿ ಆಗಿದೆ, ಕನ್ನಡದ ಮಕ್ಕಳಿಗೆ ಯಾವುದು ಹೊಂದುತ್ತದೆ ಎಂದು. ಮಾಪಕ ಹಿಡಿದು ಕೂರುವ ಕೋಣೆಯ ಸುದ್ದಿ ಬರುವುದು ಕಟ್ಟಡದ ಬಿಲ್ಲು ಪಾಸಾಗುವಾಗ ಮಾತ್ರ. ಇವತ್ತಿನ ನನ್ನ ಮಾತು ಆ ಕೋಣೆಯದು.

ಹಲವು ವರ್ಷಗಳ ಹಿಂದೆ, ನಾನು ಕೆಲಸಕ್ಕಿದ್ದ ಆಸ್ಪತ್ರೆಯೊಂದಕ್ಕೆ ನಾಲ್ಕು ವರ್ಷದ ಹುಡುಗನನ್ನು ಕರೆತಂದಿದ್ದರು. ಮುಕ್ಕಾಲು ಗಂಟೆ ಅವನು ಫ್ಯಾನನ್ನೇ ನೋಡಿದ. ಹೆಸರು ಹಿಡಿದು ಐದು ಸಲ ಕರೆದರೂ ತಿರುಗಲಿಲ್ಲ. ಆಗಾಗ ಕಿವಿ ಮುಚ್ಚಿಕೊಂಡ. ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡೆ. ಅವರು ಹೋದ ಮೇಲೆ ಚೆಲ್ಲಿದ್ದ ಬ್ಲಾಕ್‌ಗಳನ್ನು ಆರಿಸುತ್ತ, ಸುಸ್ತಾಗಿ ಅವನ ಪುಟ್ಟ ಕುರ್ಚಿಯಲ್ಲೇ ಕೂತೆ. ಫ್ಯಾನು ಪ್ರತಿ ಸುತ್ತಿಗೂ ಟಕ್ ಎನ್ನುತ್ತಿತ್ತು. ಹಳೇ ಚೋಕಿನ ಟ್ಯೂಬ್‌ಲೈಟು ನೆತ್ತಿಯ ಮೇಲೇ ಗುಂಯ್‌ಗುಡುತ್ತಿತ್ತು. ಗೋಡೆಯಾಚೆ ಟೋಕನ್ ನಂಬರು ಕೂಗುವ ಮೈಕು. ಅವನೆದುರು ನಾನು ಕೂತಿದ್ದ ಕುರ್ಚಿಯ ಹಿಂದೆ ದೊಡ್ಡ ಕಿಟಕಿ, ಉರಿಬಿಸಿಲು. ಅವನಿಗೆ ನನ್ನ ಮುಖ ಕಂಡೇ ಇರಲಿಲ್ಲ; ಬೆಳಕಿಗೆ ಅಡ್ಡವಾಗಿ ಒಂದು ಕಪ್ಪು ಆಕಾರ ಕಂಡಿತ್ತು, ಅಷ್ಟೆ. ‘ಕಣ್ಣು ಕೂಡಿಸುವುದಿಲ್ಲ’ ಎಂದು ಬರೆದಿದ್ದೆ ನಾನು!

ಮುಂದಿನ ವಾರ ಮತ್ತೆ ಕರೆಸಿ, ಸ್ಟೋರ್ ರೂಮಿನಲ್ಲಿ ಜಮಖಾನ ಹಾಸಿ ಕೂತೆವು. ಎರಡನೇ ಸಲ ಕರೆದಾಗ ತಿರುಗಿದ. ಅವನಿಗೆ ಆಟಿಸಂ ಇತ್ತು, ಅದರಲ್ಲಿ ಬದಲಿಲ್ಲ. ಬದಲಾದದ್ದು ಅಂಕ. ಅಂಕ ಬದಲಾದರೆ ಏನು ಮಹಾ ಎನ್ನುವ ಹಾಗಿಲ್ಲ. ನಮ್ಮ ಐಎಸ್‌ಎಎ ಎಂಬ ಭಾರತೀಯ ಆಟಿಸಂ ಮಾಪಕದಲ್ಲಿ 40 ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರಾಚೆ ತೀವ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಮಾಣಪತ್ರಕ್ಕೂ ಇದೇ ಅಂಕ ಆಧಾರ. 106ನ್ನು 107 ಮಾಡಿದ ಆ ಒಂದು ಅಂಕ ಫ್ಯಾನಿನದೂ ಆಗಿರಬಹುದು.

ಸದ್ದು, ಬೆಳಕು, ವಾಸನೆ, ಸ್ಪರ್ಶಗಳಿಗೆ ಅತಿಯಾಗಿ ಇಲ್ಲವೇ ತೀರಾ ಕಡಿಮೆ ಸ್ಪಂದಿಸುವುದನ್ನು 2013ರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿತು. ಅದನ್ನು ಒಪ್ಪಿಕೊಂಡ ನಾವೇ ಆ ಲಕ್ಷಣವನ್ನು ಕೆರಳಿಸುವ ಕೋಣೆಯಲ್ಲಿ ಮಗುವನ್ನು ಕೂರಿಸಿ, ಅದೇ ಹೊತ್ತಿಗೆ ಅದರ ಮಾತು, ಆಟ, ನೋಟಗಳನ್ನೂ ಅಳೆಯುತ್ತೇವೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಳೇ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗದು. ನೆಲ ಒರೆಸಿದ ಫಿನಾಯಿಲ್ ಇದೆ, ನಮ್ಮ ಸೆಂಟು ಇದೆ. ಮಲ್ಲಿಗೆ ಮುಡಿದು ಮೌಲ್ಯಮಾಪನಕ್ಕೆ ಕೂರುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಯಿತು, ಸಂಕಟಪಟ್ಟುಕೊಂಡೇ ಬಿಟ್ಟೆ.

ಸುತ್ತಲಿನ ಸ್ಥಿತಿ ಅಂಕವನ್ನು ಬದಲಿಸುತ್ತದೆ ಎಂಬುದು ಕೋವಿಡ್ ಕಾಲದಲ್ಲಿ ನಮಗೆ ಚೆನ್ನಾಗಿ ಅರ್ಥವಾಗಿತ್ತು. ಮಾಸ್ಕ್ ಹಾಕಿಕೊಂಡು ಎಡಿಒಎಸ್-2 ಎಂಬ ಆಟಿಸಂ ವೀಕ್ಷಣಾ ಪರೀಕ್ಷೆ ಮಾಡಿದರೆ ಅಂಕವನ್ನು ನಂಬಲಾಗದು ಎಂದಾಗ ಯಾರೂ ತಕರಾರು ತೆಗೆಯಲಿಲ್ಲ. 2020ರಲ್ಲಿ ಬೋಸಾ ಎಂಬ ಚಿಕ್ಕ ವೀಕ್ಷಣಾ ಕ್ರಮವೇ ಹುಟ್ಟಿತು. ಒಂದು ತುಂಡು ಬಟ್ಟೆಗೆ ಕೊಟ್ಟ ಮರ್ಯಾದೆ ಕಿಟಕಿಗೆ, ಫ್ಯಾನಿಗೆ ಇನ್ನೂ ಸಿಕ್ಕಿಲ್ಲ.

ಹಾಗಂತ ಪಿನ್ನು ಬಿದ್ದರೂ ಕೇಳುವಂಥ ಕೋಣೆ ಕಟ್ಟಿಸಿಬಿಟ್ಟರೆ ಮುಗಿಯಿತೇ? ಅಲ್ಲಿ ಬೇರೆ ತೊಡಕಿದೆ. ಎದುರಿಗೆ ತಾಳ್ಮೆಯ ಒಬ್ಬರೇ ದೊಡ್ಡವರು, ಮೇಜಿನ ಮೇಲೆ ಒಂದೇ ಆಟಿಕೆ. ಮಾತು ಬಲ್ಲ ಚುರುಕಿನ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಇಂಥಲ್ಲಿ ಲಕ್ಷಣ ಕಾಣಿಸದೆ ಸಲೀಸಾಗಿ ದಾಟಿಕೊಂಡು ಬಿಡುತ್ತಾರೆ. ಬಿಸಿಯೂಟದ ಗಂಟೆ ಹೊಡೆದು ಇನ್ನೂರು ತಟ್ಟೆಗಳ ಸದ್ದು ಏಳುವಾಗ ಅಂಥ ಹುಡುಗಿ ಯಾವ ಮೂಲೆಯಲ್ಲಿರುತ್ತಾಳೆ ಎಂಬುದು ನಮ್ಮ ಕೋಣೆಗೆ ತಿಳಿಯದು. ಶಾಲೆಗೆ ಹೋಗಿ ನೋಡಬೇಕು. ಆಗದಿದ್ದರೆ ಟೀಚರಿಗೆ ಫೋನಾದರೂ ಮಾಡಬೇಕು, ಮನೆಯಲ್ಲಿ ತೆಗೆದ ವಿಡಿಯೊ ತರಿಸಬೇಕು.

ಇನ್ನು ಕಾಯುವ ಜಾಗ. ಸಿಂಧನೂರಿನಲ್ಲಿ ರಾತ್ರಿ ಬಸ್ಸು ಹತ್ತಿದ ಮಗು ಬೆಂಗಳೂರಿನಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿ, ನಮ್ಮೆದುರು ಬರುವಾಗ ಮಧ್ಯಾಹ್ನ ಒಂದು ಗಂಟೆ. ನಿದ್ದೆಯಿಲ್ಲ, ಹೊಟ್ಟೆಗೆ ಒಂದು ಬಿಸ್ಕತ್ತು ಪೊಟ್ಟಣ. ನಾವು ಬರೆಯುತ್ತೇವೆ: ‘ಸಹಕರಿಸಲಿಲ್ಲ.’

ನನ್ನ ಬೇಡಿಕೆಗೆ ದೊಡ್ಡ ಖರ್ಚಿಲ್ಲ. ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಲು ಟೆಂಡರ್ ಕರೆಯಬೇಕಿಲ್ಲ. ವರದಿಯ ಕೊನೆಗೆ ಎರಡು ಸಾಲು ಸೇರಿಸೋಣ: ಕೋಣೆ ಹೇಗಿತ್ತು, ಎಷ್ಟು ಹೊತ್ತಾಗಿತ್ತು, ಮಗು ಉಂಡಿತ್ತೇ, ಮಲಗಿತ್ತೇ. ನಾಳೆ ಆ ವರದಿ ಓದುವ ಇನ್ನೊಬ್ಬರು ಅಂಕವನ್ನು ಎಷ್ಟು ನಂಬಬೇಕೆಂದು ಅವರೇ ತೀರ್ಮಾನಿಸಲಿ.

ನಿಮ್ಮ ನಿಮ್ಮ ಮೌಲ್ಯಮಾಪನ ಕೋಣೆಯ ನಕ್ಷೆ ಬರೆದು ತರಬೇಕೆಂದು ಆಹ್ವಾನಪತ್ರದಲ್ಲಿ ಕೇಳಿದ್ದೆವು. ತಂದವರು ಚಹಾ ವಿರಾಮದಲ್ಲಿ ಅದನ್ನು ಹೊರಗಿನ ಮೇಜಿನ ಮೇಲಿಡಿ. ಮಗು ಯಾವ ಕಡೆ ಮುಖಮಾಡಿ ಕೂರುತ್ತದೆ ಎಂಬುದಕ್ಕೆ ಒಂದು ಬಾಣದ ಗುರುತು ಹಾಕಿರಿ.